80 ಸಾವಿರದ ಗೇಮಿಂಗ್ ಪಿಸಿ: ನಾನು ಪ್ಲಗ್ಗಿನಿಂದ ಶುರು ಮಾಡುತ್ತೇನೆ

ಯಾರಾದರೂ ಬಂದು "ಅಕ್ಕಾ, ಗೇಮಿಂಗ್ ಪಿಸಿ ಮಾಡಸ್ಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ತಗೋಬೇಕು?" ಎಂದರೆ ನಾನು ಮೊದಲು ಕೇಳುವುದು ಒಂದೇ ಮಾತು. ನಿಮ್ಮ ಮನೆಯಲ್ಲಿ ಅರ್ಥಿಂಗ್ ಇದೆಯಾ? ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಈಕೆಗೆ ಏನೂ ಗೊತ್ತಿಲ್ಲ ಅಂತ ಅವರಿಗೆ ಅನ್ನಿಸಿರುತ್ತದೆ. ಇರಲಿ.

ನಾನು ವಿಜಯಪುರದಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹಗಲೆಲ್ಲ ಟ್ಯಾಲಿ, ಜಿಎಸ್‌ಟಿ ರಿಟರ್ನು. ರಾತ್ರಿ ಊಟ ಆದ ಮೇಲೆ ವ್ಯಾಲರಂಟ್ ಅನ್ನುವ ಗುಂಡಿನ ಆಟ. ನನ್ನ ಪಿಸಿ ನಾನೇ ಜೋಡಿಸಿಕೊಂಡಿದ್ದು ಅಂತ ಗೊತ್ತಾದಾಗಿನಿಂದ ಓಣಿಯ ಹುಡುಗರು, ಆಫೀಸಿನವರ ಮಕ್ಕಳು ಬಂದು ಕೇಳುವುದು ಜಾಸ್ತಿ ಆಗಿದೆ. 2025ರ ಜುಲೈನಲ್ಲಿ ನಮ್ಮ ಕಾಕಾನ ಮಗನಿಗೂ ಒಂದು ಜೋಡಿಸಿದೆವು. ಅವನು ಪಿಯುಸಿ ಪಾಸಾದರೆ ಕೊಡಿಸುವುದಾಗಿ ಕಾಕಾ ಮಾತು ಕೊಟ್ಟಿದ್ದರು. ಒಟ್ಟು 80 ಸಾವಿರ, ಅದರಲ್ಲೇ ಮಾನಿಟರ್, ಅದರಲ್ಲೇ ಯುಪಿಎಸ್. ಕೀಬೋರ್ಡ್, ಮೌಸ್, ಹೆಡ್‌ಫೋನ್ ಅವನ ಹತ್ತಿರವೇ ಇದ್ದವು.

ಯೂಟ್ಯೂಬಿನಲ್ಲಿ ಇಂಥ ವಿಡಿಯೋಗಳಿಗೆ ಬರಗಾಲವಿಲ್ಲ. ಎಲ್ಲರೂ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಆಮೇಲೆ ಕಾರ್ಡು, ರ‍್ಯಾಮು, ಕೊನೆಗೆ ಉಳಿದ ದುಡ್ಡಲ್ಲಿ ಒಂದು ಪವರ್ ಸಪ್ಲೈ. ಮಾನಿಟರ್ ಅಂತೂ ಲೆಕ್ಕದಲ್ಲೇ ಇರುವುದಿಲ್ಲ. ನಾನು ಎರಡು ತುದಿಯಿಂದ ಹೊರಡುತ್ತೇನೆ. ಒಂದು ತುದಿ ಗೋಡೆಯ ಪ್ಲಗ್ಗು, ಇನ್ನೊಂದು ಕಣ್ಣಿನ ಮುಂದಿನ ಪರದೆ. ಅವೆರಡು ಗಟ್ಟಿಯಾದರೆ ನಡುವಿನದು ಹೆಚ್ಚು ತಲೆ ತಿನ್ನುವುದಿಲ್ಲ.

ಕಾಕಾನ ಮನೆ ಜೋರಾಪುರ ಪೇಟೆಯಲ್ಲಿ. ಹಳೇ ಕಲ್ಲಿನ ಮನೆ, ಗೋಡೆ ಒಂದೂವರೆ ಮೊಳ ದಪ್ಪ. ವೈರಿಂಗೂ ಅಷ್ಟೇ ಹಳೆಯದು. ಸಾಕೆಟ್ಟಿಗೆ ಮೂರು ತೂತು ಇವೆ, ಆದರೆ ಮೇಲಿನ ದೊಡ್ಡ ತೂತಿಗೆ ಹಿಂದೆ ಎಲ್ಲೂ ವೈರೇ ಇಲ್ಲ. ಇದು ಅವರ ಮನೆಯ ಕಥೆ ಮಾತ್ರ ಅಲ್ಲ, ಊರಿನ ಹಳೇ ಮನೆಗಳಲ್ಲಿ ಕೇಳಿ ನೋಡಿ. ಅರ್ಥಿಂಗ್ ಇಲ್ಲದ ಕಡೆ ಪಿಸಿ ಹಚ್ಚಿ ಬರಿಗಾಲಲ್ಲಿ ನಿಂತು ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಪಿಸಿ ಕೆಟ್ಟಿದೆ ಅಂತಲ್ಲ. ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ ತಡೆಯಲು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಡಬ್ಬಿಗೆ ಜೋಡಿಸಿರುತ್ತವೆ. ಅಲ್ಲಿಂದ ಸೋರುವ ಚೂರು ಕರೆಂಟು ಅರ್ಥ್ ವೈರಿನಲ್ಲಿ ನೆಲಕ್ಕೆ ಇಳಿಯಬೇಕು. ವೈರೇ ಇಲ್ಲದಿದ್ದರೆ ಡಬ್ಬಿಯ ಮೇಲೆ ಕೂತು ಯಾರಾದರೂ ಮುಟ್ಟಲಿ ಅಂತ ಕಾಯುತ್ತದೆ. ಕರೆಂಟ್ ಚೂರೇ, ಆದರೆ ನಿಜವಾಗಿ ಏನಾದರೂ ಶಾರ್ಟ್ ಆದ ದಿನ ಅದೇ ಡಬ್ಬಿ ಅಪಾಯ.

ಎಲೆಕ್ಟ್ರಿಶಿಯನ್ ಬಂದರು. ಹಿತ್ತಲಲ್ಲಿ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಹರಳುಪ್ಪು ಪದರ ಪದರವಾಗಿ ತುಂಬಿದರು. ಆಮೇಲೆ ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಹಚ್ಚಿ ತೋರಿಸಿದರು, ಬಲ್ಬು ಝಗ್ ಅಂತ ಉರಿಯಿತು. "ಬ್ಯಾಸಗ್ಯಾಗ ವಾರಕ್ಕೊಮ್ಮೆ ಎರಡು ಕೊಡ ನೀರ್ ಹಾಕ್ರಿ" ಎಂದು ಹೇಳಿ ಹೋದರು. ಕಪ್ಪು ಮಣ್ಣು ಒಣಗಿ ಬಿರುಕು ಬಿಟ್ಟರೆ ಅರ್ಥಿಂಗೂ ಸಡಿಲ. ಈ ಖರ್ಚನ್ನು 80 ಸಾವಿರದಲ್ಲಿ ಹಿಡಿಯಬಾರದು ಅಂತ ತಮ್ಮ, ಅಂದರೆ ಕಾಕಾನ ಮಗ, ಹಟ ಹಿಡಿದ. ಅದು ಮನೆಯ ಖರ್ಚು ಅಂತ ನಾನೂ ಸಾಕ್ಷಿ ಹೇಳಿದೆ.

ಇನ್ನು ಯುಪಿಎಸ್. ಮಳೆಗಾಲದಲ್ಲಿ ಗಾಳಿ ಬಿಟ್ಟರೆ ಸಾಕು, ಕರೆಂಟು ಹೋಗಿ ಬಂದು ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ, ಸಾಲದೇ ಅಂತ ಕಾಕಾ ಕೇಳಿದರು. ಸಾಲಬಹುದು, ಷರತ್ತುಗಳಿವೆ. ಕರೆಂಟು ಹೋದ ಕ್ಷಣದಿಂದ ಬ್ಯಾಟರಿ ಹಿಡಿಯುವವರೆಗೆ ಒಂದು ಸಣ್ಣ ಗ್ಯಾಪ್ ಇರುತ್ತದೆ. ಪಿಸಿಯ ಪವರ್ ಸಪ್ಲೈ ತನ್ನೊಳಗಿನ ಕೆಪಾಸಿಟರ್ ಬಲದ ಮೇಲೆ ಹತ್ತು-ಹದಿನೈದು ಮಿಲಿಸೆಕೆಂಡ್ ಉಸಿರು ಹಿಡಿದುಕೊಳ್ಳುತ್ತದೆ, ಅಷ್ಟೇ. ಫ್ಯಾನು ಲೈಟಿಗೆ ಅಂತ ಇಟ್ಟ ಇನ್ವರ್ಟರ್ ಅದಕ್ಕಿಂತ ತಡ ಮಾಡಿದರೆ ಪಿಸಿ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಅನೇಕ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ, ಅದನ್ನು ಹಾಕಿದರೆ ಬೇಗ ಹಿಡಿಯುತ್ತದೆ. ಅದರ ಜೊತೆಗೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು, ಸ್ಕ್ವೇರ್ ವೇವ್ ಆಗಿದ್ದರೆ ಬೇಡ. ಕಾಕಾನ ಮನೆಯದು ಹಳೇ ಸ್ಕ್ವೇರ್ ವೇವ್. ಹಾಗಾಗಿ ಬೇರೆ ಯುಪಿಎಸ್.

ಯುಪಿಎಸ್ ಎಷ್ಟು ದೊಡ್ಡದು ಬೇಕು ಅಂತ ತಿಳಿಯಲು ಪಿಸಿ ಎಷ್ಟು ಎಳೆಯುತ್ತದೆ ಅಂತ ಗೊತ್ತಿರಬೇಕು. ನಮ್ಮ ಲೆಕ್ಕ ಹೀಗೆ: ಗ್ರಾಫಿಕ್ಸ್ ಕಾರ್ಡ್ 145 ವ್ಯಾಟ್, ಪ್ರೊಸೆಸರ್ ಜೋರಾಗಿ ಓಡಿದಾಗ 76, ಮದರ್‌ಬೋರ್ಡು-ಫ್ಯಾನು-ಎಸ್‌ಎಸ್‌ಡಿ ಎಲ್ಲ ಸೇರಿ 50ರ ಸುಮಾರು, ಮಾನಿಟರ್ 25. ಸುಮಾರು 300 ವ್ಯಾಟ್. ಅಂಗಡಿಗಳಲ್ಲಿ ಸಲೀಸಾಗಿ ಸಿಗುವ 600 ವಿಎ ಯುಪಿಎಸ್ ಮೇಲೆ 600 ಅಂತ ದೊಡ್ಡದಾಗಿ ಬರೆದಿರುತ್ತದೆ, ಆದರೆ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ತೀರಾ ಬಿಗಿ. 1000 ವಿಎ ತಗೊಂಡರೆ 600 ವ್ಯಾಟ್ ಸಿಗುತ್ತದೆ. ಆಟ ಮುಗಿಸಿ ಶಟ್‌ಡೌನ್ ಮಾಡಲು ಬೇಕಾದ ಕೆಲವು ನಿಮಿಷ ಸಿಕ್ಕರೆ ಸಾಕು, ಅದರ ಮೇಲೆ ಇಡೀ ಮ್ಯಾಚ್ ಆಡುತ್ತೇನೆ ಅನ್ನುವ ಆಸೆ ಬೇಡ. 5 ಸಾವಿರ ಹೋಯಿತು.

ಪವರ್ ಸಪ್ಲೈ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟಿ. ಒಂದು ಅಂಗಡಿಯಲ್ಲಿ "ಇದೂ 450 ವ್ಯಾಟೇ ರೀ, ಎಂಟುನೂರು ರೂಪಾಯಿಗೆ ಬರ್ತೈತಿ" ಅಂತ ಹೆಸರಿಲ್ಲದ ಒಂದನ್ನು ಮುಂದಿಟ್ಟರು. ಬದಿಗಿನ ಲೇಬಲ್ ಓದಿ ಅಂತ ತಮ್ಮನಿಗೆ ಹೇಳಿದೆ. 12 ವೋಲ್ಟ್ ಕಾಲಮ್ಮಿನ ಕೆಳಗೆ 18 ಆಂಪ್ ಅಂತ ಇತ್ತು. 12 ಗುಣಿಸು 18, ಬಂದದ್ದು 216. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಬರುವುದು ಈ 12 ವೋಲ್ಟಿನ ದಾರಿಯಲ್ಲೇ. ಹಾಗಾದರೆ ಉಳಿದ 234 ವ್ಯಾಟ್ ಎಲ್ಲಿ? ಸುಮ್ನೆ ಸ್ಟಿಕರಿನಲ್ಲಿ. ಜೊತೆಗೆ ಬಂದಿದ್ದ ಕಾಕಾ ನಕ್ಕು, "ಇದು ಸೆಕೆಂಡ್‌ಹ್ಯಾಂಡ್ ಬೋರ್ ಮೋಟರ್ ಮ್ಯಾಲ ಬರ್ದಿರೋ ಎಚ್‌ಪಿ ಇದ್ದಂಗ" ಎಂದರು. ನಾವು ತಗೊಂಡದ್ದು 550 ವ್ಯಾಟಿನ 80 ಪ್ಲಸ್ ಬ್ರಾಂಜ್. ಅದರ 12 ವೋಲ್ಟಿನಲ್ಲೇ 540 ವ್ಯಾಟ್ ಬರುತ್ತದೆ. ಬ್ರಾಂಜ್ ಅಂದರೆ ಅರ್ಧ ಲೋಡಿನಲ್ಲಿ ಗೋಡೆಯಿಂದ ಎಳೆದದ್ದರಲ್ಲಿ 85 ಪರ್ಸೆಂಟ್ ಪಿಸಿಗೆ ತಲುಪುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅದಕ್ಕಿಂತ ನಾನು ಜಾಸ್ತಿ ನೋಡುವುದು ಇನ್‌ಪುಟ್ ಸಾಲು. ಕೆಲವದರ ಮೇಲೆ 200-240 ವೋಲ್ಟ್ ಅಂತ ಇರುತ್ತದೆ, ಕೆಲವದರ ಮೇಲೆ 100-240. ಬೇಸಿಗೆಯ ಸಂಜೆ ಎಲ್ಲರ ಮನೆ ಕೂಲರ್ ತಿರುಗುವಾಗ ಓಣಿಯ ಕೊನೆ ಮನೆಯಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಅಂತ ಟ್ಯೂಬ್‌ಲೈಟ್ ಹೇಳುತ್ತದೆ. ಅಂಥ ಮನೆಗೆ ಎರಡನೆಯದೇ ಸರಿ.

ಈಗ ಆ ಕಡೆಯ ತುದಿ, ಪರದೆ.

"ಮನ್ಯಾಗ 43 ಇಂಚಿನ ಟೀವಿ ಐತಲ್ಲವಾ, ಮತ್ತ ಹತ್ ಸಾವಿರ ಯಾಕ ಹಾಕ್ತಿ?" ಇದು ಕಾಕಾನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆ ಟೀವಿ 4ಕೆ. ಅಂದರೆ ಪರದೆ ತುಂಬ ಸುಮಾರು 83 ಲಕ್ಷ ಚುಕ್ಕೆ. ಸಾಮಾನ್ಯ 1080 ಮಾನಿಟರಿನಲ್ಲಿ ಸುಮಾರು 20.7 ಲಕ್ಷ. ಗ್ರಾಫಿಕ್ಸ್ ಕಾರ್ಡ್ ಪ್ರತಿ ಚಿತ್ರಕ್ಕೂ ಈ ಚುಕ್ಕೆಗಳಿಗೆಲ್ಲ ಬಣ್ಣ ಲೆಕ್ಕ ಹಾಕಬೇಕು. ನಾಲ್ಕು ಪಟ್ಟು ಕೆಲಸ ಕೊಟ್ಟು 30 ಸಾವಿರದ ಕಾರ್ಡಿನಿಂದ ಓಟ ಬಯಸುವುದು ಸರಿಯಲ್ಲ. ಅದೂ ಅಲ್ಲದೆ ಆ ಟೀವಿ ಸೆಕೆಂಡಿಗೆ 60 ಚಿತ್ರವಷ್ಟೇ ತೋರಿಸುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಗುಂಡಿನ ಆಟದಲ್ಲಿ ಮೂಲೆಯಿಂದ ಎದುರಾಳಿ ಇಣುಕುವುದು ಕಣ್ಣಿಗೆ ಎಷ್ಟು ಬೇಗ ಬೀಳುತ್ತದೆ ಅನ್ನುವುದೇ ಮುಖ್ಯ. 60 ಹರ್ಟ್ಸ್‌ನಲ್ಲಿ ಎರಡು ಚಿತ್ರದ ನಡುವೆ 16.7 ಮಿಲಿಸೆಕೆಂಡ್. 144ರಲ್ಲಿ 6.9. ಓದಿದರೆ ಏನೂ ಅಲ್ಲ ಅನಿಸುತ್ತದೆ. ಒಮ್ಮೆ ಆಡಿ ನೋಡಿ, ಮತ್ತೆ 60ಕ್ಕೆ ಹೋಗಲು ಮನಸ್ಸು ಬರುವುದಿಲ್ಲ.

24 ಇಂಚು, 1080, ಐಪಿಎಸ್ ಪ್ಯಾನೆಲ್, 144 ಹರ್ಟ್ಸ್ ಅಥವಾ ಅದಕ್ಕಿಂತ ಮೇಲೆ. ಆಗ 10 ಸಾವಿರದ ಆಸುಪಾಸಿಗೆ ಇದು ಸಿಗುತ್ತಿತ್ತು. 1440ರ ಮಾನಿಟರ್ ಚೆಂದವೇ, ಆದರೆ ಅದರಲ್ಲಿ 36.9 ಲಕ್ಷ ಚುಕ್ಕೆ. ಅದಕ್ಕೆ ಕಾರ್ಡೂ ದೊಡ್ಡದಾಗಬೇಕು, ಬಜೆಟ್ ಲಕ್ಷ ದಾಟುತ್ತದೆ. 80 ಸಾವಿರಕ್ಕೆ 1080 ಅಂತ ಮನಸ್ಸು ಗಟ್ಟಿ ಮಾಡಿಕೊಂಡರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಕಾರ್ಡಿಗೆ ಬರೋಣ. ಆಗ ಈ ಬೆಲೆಯ ಸುತ್ತ ಇದ್ದವು ಎನ್ವಿಡಿಯಾದ ಆರ್‌ಟಿಎಕ್ಸ್ 4060, ಆ ಮೇ ತಿಂಗಳಲ್ಲಷ್ಟೇ ಬಂದಿದ್ದ 5060, ಎಎಂಡಿಯ ಆರ್‌ಎಕ್ಸ್ 7600, ಮತ್ತು ಜೂನ್‌ನಲ್ಲಿ ಬಂದ 9060 ಎಕ್ಸ್‌ಟಿ. 4060 ತಿನ್ನುವುದು ಬರೀ 115 ವ್ಯಾಟ್, ನಮ್ಮ ಊರಿನ ಸೆಕೆಗೆ ಅದೊಂದು ದೊಡ್ಡ ಗುಣ. 7600 ಎಲ್ಲಕ್ಕಿಂತ ಅಗ್ಗ, ಆದರೆ 165 ವ್ಯಾಟ್. 5060ಗೆ 145. 4060ಗೂ 5060ಗೂ ನಡುವಿನ ವ್ಯತ್ಯಾಸ ಎರಡು-ಮೂರು ಸಾವಿರದೊಳಗೆ ಇತ್ತು, ಹಾಗಾಗಿ 5060 ತಗೊಂಡೆವು. ಎರಡು ಫ್ಯಾನಿನದು ಸಾಕು. ಮೂರು ಫ್ಯಾನಿನ ಉದ್ದ ಕಾರ್ಡಿಗೆ ಕೊಡುವ ಹೆಚ್ಚಿನ ದುಡ್ಡು ಈ ದರ್ಜೆಯಲ್ಲಿ ಬರೀ ಶೋಕಿ.

ಕಾರ್ಡಿನೊಳಗಿನ ಮೆಮೊರಿ 8 ಜಿಬಿ ಸಾಕಾ ಅಂತ ನೀವು ಕೇಳುತ್ತೀರಿ, ಕೇಳಲೇಬೇಕು. 4060, 5060, 7600 ಮೂರರಲ್ಲೂ 8 ಜಿಬಿಯೇ. ಹೊಸ ದೊಡ್ಡ ಆಟಗಳಲ್ಲಿ ಟೆಕ್ಸ್ಚರ್ ಸೆಟ್ಟಿಂಗ್ ಎಲ್ಲಕ್ಕಿಂತ ಮೇಲಕ್ಕೆ ಇಟ್ಟರೆ 1080ರಲ್ಲೂ ಅದು ತುಂಬಿಹೋಗುತ್ತದೆ. ತುಂಬಿದರೆ ಆಟ ತಡವರಿಸುತ್ತದೆ, ಗೋಡೆ ನೆಲದ ಚಿತ್ರ ಮಸುಕಾಗಿ ಬರುತ್ತದೆ. ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ. ನಮ್ಮ ತಮ್ಮ ಆಡುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5. ಇವಕ್ಕೆ 8 ಧಾರಾಳ. ಕಥೆ ಇರುವ ಹೊಸ ಹೊಸ ಆಟಗಳನ್ನೇ ಆಡುವವರಾದರೆ 9060 ಎಕ್ಸ್‌ಟಿಯ 16 ಜಿಬಿ ಮಾದರಿಗೆ ಇನ್ನೊಂದಿಷ್ಟು ದುಡ್ಡು ಕೂಡಿಸಿ, ಬೇಕಿದ್ದರೆ ಎರಡು ತಿಂಗಳು ತಡವಾಗಲಿ. ಅದರಲ್ಲೇ 8 ಜಿಬಿಯದೂ ಇದೆ, ಹೆಸರು ಮಾತ್ರ ಅದೇ. ಡಬ್ಬಿಯ ಮೇಲೆ ಸರಿಯಾಗಿ ನೋಡಿಕೊಂಡು ತಗೊಳ್ಳಿ. ಒಂದೇ ಹೆಸರಲ್ಲಿ ಎರಡು ಸರಕು ಮಾರುವುದು ನನಗಂತೂ ಹಿಡಿಸುವುದಿಲ್ಲ.

ಪ್ರೊಸೆಸರ್ ವಿಷಯಕ್ಕೆ ಊರಲ್ಲಿ ಒಂದು ಮಂತ್ರ ಇದೆ: ಐ-7. "ಐ-7, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಬರೀ 22 ಸಾವಿರ" ಅಂತ ಅಂಗಡಿಯ ಬೋರ್ಡು ನೋಡಿ ತಮ್ಮನ ಗೆಳೆಯನೊಬ್ಬ ಕುಣಿಯುತ್ತಾ ಬಂದ. ಯಾವ ಐ-7 ಅಂತ ಕೇಳಿದ್ದಕ್ಕೆ 3770 ಅಂದ. ಅದು 2012ರ ಸರಕು. ಆಫೀಸುಗಳಿಂದ ತೆಗೆದುಹಾಕಿದ ಹಳೇ ಪಿಸಿಗಳನ್ನು ಒರೆಸಿ, ಹೊಸ ಡಬ್ಬಿಗೆ ಹಾಕಿ, ಬಣ್ಣದ ಲೈಟು ಹಚ್ಚಿ ಮಾರುತ್ತಾರೆ. ಟ್ಯಾಲಿ ಹೊಡೆಯಲು ತಪ್ಪೇನಿಲ್ಲ. ಆದರೆ ವಿಂಡೋಸ್ 11 ಅದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲರಂಟ್ ಅಂತೂ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಎರಡು ಭದ್ರತಾ ವ್ಯವಸ್ಥೆ ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ. 22 ಸಾವಿರ ಉಳಿಸಿಕೊಳ್ಳಪ್ಪಾ ಅಂತ ಹೇಳಿ ಕಳಿಸಿದೆ.

ನಾವು ಹಾಕಿದ್ದು ರೈಜನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, 2022ರದು. ಕೂಲರ್ ಡಬ್ಬಿಯಲ್ಲೇ ಬರುತ್ತದೆ. ಇಂಟೆಲ್‌ನ ಐ5-12400ಎಫ್ ಕೂಡ ಇದೇ ತೂಕದ್ದು, ಅದು ಅಗ್ಗಕ್ಕೆ ಸಿಕ್ಕರೆ ಅದನ್ನೇ ಹಾಕಿ, ಚಿಂತೆಯಿಲ್ಲ. ಆದರೆ 5600ರ ಅಣ್ಣ-ತಮ್ಮಂದಿರ ಬಗ್ಗೆ ಹುಷಾರು. 5600ಜಿ ಮತ್ತು 5500, ಇವೆರಡಕ್ಕೂ ಕ್ಯಾಶ್ (ಪ್ರೊಸೆಸರ್ ಒಳಗಿನ ಸಣ್ಣ ವೇಗದ ಮೆಮೊರಿ) ಅರ್ಧ, 32 ಎಂಬಿ ಬದಲು 16. ಜೊತೆಗೆ ಪಿಸಿಐಇ, ಅಂದರೆ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ, ಹಳೇ 3.0 ಮಾತ್ರ. 5060 ಥರದ ಕಾರ್ಡು ಹದಿನಾರರ ಬದಲು ಎಂಟೇ ಲೇನ್ ಬಳಸುತ್ತದೆ. ಲೇನೂ ಕಮ್ಮಿ, ವೇಗವೂ ಕಮ್ಮಿ ಆದರೆ ಕೆಲವು ಆಟಗಳಲ್ಲಿ ಪೆಟ್ಟು ಕಾಣುತ್ತದೆ. ಇದೇ ಕಾರಣಕ್ಕೆ ಬೋರ್ಡೂ ಬಿ450 ಬೇಡ, ಬಿ550 ಇರಲಿ.

ಎಎಂಡಿಯ ಹೊಸ ಸಾಕೆಟ್ಟು ಎಎಂ5 ಯಾಕೆ ಹಾಕಲಿಲ್ಲ ಅಂತ ತಿಳಿದವರು ಕೇಳುತ್ತಾರೆ. ಅದಕ್ಕೆ ಬರುವ ರೈಜನ್ 5 7600 ಪ್ರೊಸೆಸರ್ ಒಳ್ಳೆಯದು, ಒಪ್ಪುತ್ತೇನೆ. ಆ ಸಾಕೆಟ್ಟಿಗೆ ಮುಂದೆಯೂ ಹೊಸ ಪ್ರೊಸೆಸರ್‌ಗಳು ಬರುತ್ತವೆ, ನಮ್ಮ 5600 ಕೂರುವ ಎಎಂ4 ದಾರಿ ಮುಗಿದಿದೆ. ಆದರೆ ಪ್ರೊಸೆಸರ್, ಬೋರ್ಡು, ಡಿಡಿಆರ್5 ಮೂರೂ ಸೇರಿ ಹದಿನೈದು ಸಾವಿರದಷ್ಟು ಜಾಸ್ತಿ ಬೀಳುತ್ತಿತ್ತು. ಅದನ್ನು ಕಾರ್ಡಿನಿಂದ ಕಿತ್ತುಕೊಳ್ಳಬೇಕು, ಇಲ್ಲವೇ ಯುಪಿಎಸ್ ಮತ್ತು ಮಾನಿಟರ್ ಬಿಡಬೇಕು. ನಾಲ್ಕು ವರ್ಷದ ಆಚೆ ಪ್ರೊಸೆಸರ್ ಒಂದನ್ನೇ ಬದಲಿಸಿ ಖುಷಿಪಡುವವರನ್ನು ನಾನು ಕಂಡದ್ದು ಕಡಿಮೆ. ಆ ಹೊತ್ತಿಗೆ ಎಲ್ಲರಿಗೂ ಬೋರ್ಡೂ ಹೊಸದೇ ಬೇಕಿರುತ್ತದೆ.

ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಡಿಡಿಆರ್4, 3200ರ ವೇಗದವು. ಒಂದೇ 16ರ ಕಡ್ಡಿ ಬೇಡ, ಜೋಡಿಯಾಗಿದ್ದರೆ ಎರಡು ದಾರಿಯಲ್ಲಿ ಡೇಟಾ ಹರಿಯುತ್ತದೆ. ಆಗ ಸುಮಾರು 4 ಸಾವಿರಕ್ಕೆ ಬಂತು. ಈಗ ಆ ಬೆಲೆ ಮರೆತುಬಿಡಿ. 2025ರ ಕೊನೆಯಿಂದ ರ‍್ಯಾಮ್ ದರ ಏರಿದ್ದೇ ಏರಿದ್ದು. ಜಗತ್ತಿಗೆಲ್ಲ ಮೆಮೊರಿ ಚಿಪ್ ಮಾಡುವ ದೊಡ್ಡ ಕಂಪನಿಗಳು ಮೂರು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಕೈತುಂಬ ದುಡ್ಡು ಕೊಟ್ಟು ಕೊಳ್ಳುತ್ತಿರುವಾಗ ನಮ್ಮಂಥವರ ಕಡ್ಡಿ ಯಾರಿಗೆ ಬೇಕು? ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಈಗ ಪಿಸಿ ಮಾಡಿಸುವವರಿಗೆ ನನ್ನ ಸಲಹೆ: ಮನೆಯ ಹಳೇ ಪಿಸಿಯಲ್ಲಿ ಡಿಡಿಆರ್4 ಕಡ್ಡಿ ಇದ್ದರೆ ಎತ್ತಿಟ್ಟುಕೊಳ್ಳಿ. ಡಿಡಿಆರ್4 ಒಪ್ಪುವ ಬೋರ್ಡಿನ ಬೆಲೆ ಈಗ ಇನ್ನಷ್ಟು ತಿಳಿಯುತ್ತದೆ.

ಎಸ್‌ಎಸ್‌ಡಿ 1 ಟಿಬಿ, ಎನ್‌ವಿಎಂಇ. ಡಬ್ಬಿಯ ಮೇಲೆ ವೇಗ ಸೆಕೆಂಡಿಗೆ 3500 ಎಂಬಿ ಇದೆಯೋ 7000 ಇದೆಯೋ ಅಂತ ಆಟಕ್ಕೆ ಹೆಚ್ಚು ಗೊತ್ತಾಗುವುದಿಲ್ಲ. 512 ಮಾತ್ರ ತಗೊಳ್ಳಬೇಡಿ, ದೊಡ್ಡ ಆಟ ಒಂದೊಂದೇ ನೂರು ಜಿಬಿ ನುಂಗುತ್ತದೆ.

ಎಲ್ಲವನ್ನೂ ಕೂರಿಸುವ ಪಿಸಿಯ ಡಬ್ಬಿಯ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ತಮ್ಮನಿಗೆ ಮುಂದೆ ಪೂರ್ತಿ ಗಾಜು, ಒಳಗೆ ಬಣ್ಣದ ಫ್ಯಾನು ಬೇಕಿತ್ತು. ನನಗೆ ಮುಂದೆ ಜಾಲರಿ ಬೇಕಿತ್ತು. ವಿಡಿಯೋದವರು ಎಸಿ ರೂಮಿನಲ್ಲಿ, 22-25 ಡಿಗ್ರಿಯಲ್ಲಿ ಕೂತು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಪ್ರೊಸೆಸರ್ 70 ತೋರಿಸಿದರೆ ಭೇಷ್ ಅನ್ನುತ್ತಾರೆ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಹೊರಗೆ 40 ದಾಟುತ್ತದೆ, ಒಳಗೂ ಹೆಚ್ಚು ಕಮ್ಮಿ ಅಷ್ಟೇ. ಕೋಣೆಯ ಗಾಳಿ ಹದಿನೈದು ಡಿಗ್ರಿ ಹೆಚ್ಚು ಬಿಸಿ ಇದ್ದರೆ ಒಳಗಿನ ಭಾಗಗಳೂ ಅಷ್ಟೇ ಡಿಗ್ರಿ ಮೇಲೆ ಹೋಗುತ್ತವೆ. ಅಲ್ಲಿನ 70 ಇಲ್ಲಿ 85. 5600 ತನ್ನ ಮಿತಿ 90 ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಾಜಿನ ಮುಖ ಹಾಕಿ ಗಾಳಿಯ ದಾರಿ ಮುಚ್ಚಿದರೆ ಆ ಮಿತಿ ಬೇಗ ಬರುತ್ತದೆ. ಕೊನೆಗೆ ಒಪ್ಪಂದ ಆಯಿತು: ಮುಂದೆ ಜಾಲರಿ, ಪಕ್ಕಕ್ಕೆ ಗಾಜು, ಫ್ಯಾನಿನಲ್ಲಿ ಬಣ್ಣ.

ಧೂಳಿನ ಮಾತು ಬೇರೆ. ಜಾಲರಿ ಅಂದರೆ ಧೂಳಿಗೂ ಬಾಗಿಲು. ಅದಕ್ಕೆ ಒಳಗೆ ಗಾಳಿ ಎಳೆಯುವ ಫ್ಯಾನು ಎರಡು, ಹೊರಗೆ ತಳ್ಳುವುದು ಒಂದು. ಒಳಬರುವ ಗಾಳಿ ಹೆಚ್ಚಿದ್ದರೆ ಸಂದಿಗೊಂದಿಯಿಂದ ಧೂಳು ನುಗ್ಗುವುದು ಕಮ್ಮಿ, ಬರುವುದೆಲ್ಲ ಫಿಲ್ಟರ್ ದಾಟಿಯೇ ಬರಬೇಕು. ಫಿಲ್ಟರ್ ಬಿಚ್ಚಿ ನಲ್ಲಿಯ ಕೆಳಗೆ ಹಿಡಿದರೆ ಕಪ್ಪು ನೀರು ಇಳಿಯುತ್ತದೆ. ಪೂರ್ತಿ ಒಣಗಿಸಿಯೇ ಮತ್ತೆ ಹಾಕಬೇಕು. ಇನ್ನೊಂದು ಮಾತು. ಬೇಸಿಗೆಯಲ್ಲಿ ನೀರಿನ ಕೂಲರ್ ಗಾಳಿಯನ್ನು ಪಿಸಿ ಕಡೆಗೆ ತಿರುಗಿಸಿ ಜಾಣತನ ಅಂದುಕೊಳ್ಳುವವರಿದ್ದಾರೆ. ಅದು ತೇವದ ಗಾಳಿ. ನಮ್ಮ ಬೋರ್ ನೀರಿನ ಉಪ್ಪು ಕೂಲರಿನ ಹುಲ್ಲಿಗೆ ಬೆಳ್ಳಗೆ ಹಿಡಿದಿರುವುದನ್ನು ನೋಡಿದ್ದೀರಲ್ವಾ? ಅಂಥ ನೀರಿನ ತುಂತುರು ಬೋರ್ಡಿನ ಮೇಲೆ ಬೀಳುವುದು ಬೇಡ. ಕೂಲರ್ ಮುಖ ನಿಮ್ಮ ಕಡೆಗಿರಲಿ, ಪಿಸಿ ಬದಿಗಿರಲಿ.

ಬಿಲ್ಲಿನ ವಿಷಯದಲ್ಲಿ ಕಾಕಾ ಒಂದು ಐಡಿಯಾ ಹಾಕಿದರು. ಅವರದು ಒಣದ್ರಾಕ್ಷಿ ವ್ಯಾಪಾರ, ಜಿಎಸ್‌ಟಿ ನಂಬರ್ ಇದೆ. "ಅಂಗಡಿ ಹೆಸರ್ಲೆ ಬಿಲ್ ಮಾಡ್ಸು, 18 ಪರ್ಸೆಂಟ್ ವಾಪಸ್ ತಗೊಳ್ಳೋಣು." ಸ್ವಂತಕ್ಕೆ ಬಳಸುವ ವಸ್ತುವಿಗೆ ಇನ್‌ಪುಟ್ ಕ್ರೆಡಿಟ್ ಬರುವುದಿಲ್ಲ ಕಾಕಾ, ನಿಮ್ಮ ರಿಟರ್ನ್ ತುಂಬುವವಳು ನಾನೇ, ಅದರಲ್ಲಿ ವ್ಯಾಲರಂಟ್ ಅಂತ ಎಲ್ಲಿ ಬರೆಯಲಿ ಅಂದೆ. ಬಿಲ್ ಇಲ್ಲದೆ ಕಮ್ಮಿ ಮಾಡಿ ಕೊಡುತ್ತೇವೆ ಅನ್ನುವವರೂ ಇದ್ದಾರೆ. ಕಾರ್ಡು, ಪವರ್ ಸಪ್ಲೈ, ಮಾನಿಟರ್ ಎಲ್ಲಕ್ಕೂ ವರ್ಷಗಟ್ಟಲೆ ವಾರಂಟಿ ಇರುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇಲ್ಲದಿದ್ದರೆ ಆ ವಾರಂಟಿ ನೆಚ್ಚಿಕೊಳ್ಳುವಂತಿಲ್ಲ. ಅರ್ಧ ಸಾಮಾನು ಊರಲ್ಲೇ ತಗೊಂಡೆವು, ಕಾರ್ಡು ಮತ್ತು ಬೋರ್ಡು ಆನ್‌ಲೈನ್ ತರಿಸಿದೆವು. ಡಬ್ಬಿ ಬಿಚ್ಚುವಾಗ ವಿಡಿಯೋ ಮಾಡಿಟ್ಟೆವು.

ಜೋಡಿಸುವ ಕೆಲಸ ತಮ್ಮನ ಕೈಯಲ್ಲೇ ಮಾಡಿಸಿದೆ. ನಾನು ಪಕ್ಕದಲ್ಲಿ ಕೂತಿದ್ದೆ. ಎಎಂ4 ಪ್ರೊಸೆಸರ್‌ಗೆ ಹೊಟ್ಟೆಯ ಕೆಳಗೆ ಚಿನ್ನದ ಬಣ್ಣದ ಸಾವಿರಕ್ಕೂ ಹೆಚ್ಚು ಪಿನ್ನು. ಒಂದು ಮೂಲೆಯಲ್ಲಿ ಸಣ್ಣ ತ್ರಿಕೋನ ಗುರುತು, ಸಾಕೆಟ್ಟಿನಲ್ಲೂ ಅದೇ ಗುರುತು. ಎರಡೂ ಒಂದೇ ಮೂಲೆಗೆ ಬಂದರೆ ಅದರ ಭಾರಕ್ಕೆ ಅದೇ ಇಳಿದು ಕೂರುತ್ತದೆ, ಒತ್ತಬಾರದು. ಆಮೇಲೆ ಸನ್ನೆ ಕಡ್ಡಿ ಇಳಿಸುವುದು. ಡಬ್ಬಿಯಲ್ಲಿ ಬರುವ ಕೂಲರ್‌ಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ. ಅದನ್ನು ಹಾಕಲು ಬೋರ್ಡಿನ ಮೇಲಿನ ಎರಡು ಪ್ಲಾಸ್ಟಿಕ್ ಕ್ಲಿಪ್ ತೆಗೆಯಬೇಕು. ತೆಗೆದ ಕೂಡಲೇ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳುತ್ತದೆ. ಹಿಂದಿನಿಂದ ಒಂದು ಕೈ ಹಿಡಿದಿರಬೇಕು, ಆ ಕೈ ನನ್ನದು. ಪೇಸ್ಟ್ ಕೂಲರಿನ ತಳಕ್ಕೆ ಮೊದಲೇ ಹಚ್ಚಿರುತ್ತಾರೆ, ಬೆರಳು ಮುಟ್ಟಿಸಬಾರದು. ಸ್ಕ್ರೂಗಳನ್ನು ಒಂದೇ ಕಡೆ ಪೂರ್ತಿ ಬಿಗಿಯದೆ, ಎದುರುಬದುರು ಮೂಲೆಗೆ ಎರಡೆರಡು ಸುತ್ತು. ಕೊನೆಗೆ ಸ್ಕ್ರೂ ತಾನೇ ನಿಲ್ಲುತ್ತದೆ. ರ‍್ಯಾಮ್ ಕಡ್ಡಿಗಳು ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ. ಟಕ್ ಅನ್ನುವವರೆಗೆ ಒತ್ತು ಅಂದೆ, ಅವನು ಹೆದರಿ ಹೆದರಿ ಒತ್ತಿದ. ಕಾಕು ಚಹಾ ತಂದು, "ಇದು ಒಡದ್ರ ಯಾರ್ ಕೊಡ್ತಾರ?" ಅಂತ ಕೇಳಿದ್ದು ಅದೇ ಹೊತ್ತಿಗೆ.

ಆನ್ ಆದ ಮೇಲೂ ಕೆಲಸ ಇರುತ್ತದೆ, ಇಲ್ಲಿ ತುಂಬಾ ಜನ ನಿಲ್ಲಿಸಿಬಿಡುತ್ತಾರೆ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹಚ್ಚಬೇಕು, ಬೋರ್ಡಿನ ತೂತಿಗಲ್ಲ. 5600ರೊಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಹಚ್ಚಿದರೆ ಪರದೆ ಕಪ್ಪಗೇ ಇರುತ್ತದೆ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಬೇಕು, ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2666ರಲ್ಲಿ ಓಡುತ್ತಿರುತ್ತದೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ ನೋಡಬೇಕು, ಹೊಸ ಮಾನಿಟರ್ ಎಷ್ಟೋ ಸಲ 60ಕ್ಕೇ ನಿಂತಿರುತ್ತದೆ. ವರ್ಷಗಟ್ಟಲೆ 144ರ ಮಾನಿಟರಿನಲ್ಲಿ 60ರಲ್ಲೇ ಆಡಿದವರನ್ನು ನಾನು ನೋಡಿದ್ದೇನೆ. ವ್ಯಾಲರಂಟ್ ಸೆಕ್ಯೂರ್ ಬೂಟ್ ಕೇಳಿತು, ಬಯಾಸ್‌ನಲ್ಲೇ ಆನ್ ಮಾಡಿದೆವು, ಒಪ್ಪಿಕೊಂಡಿತು.

ಲೆಕ್ಕ ಹೀಗೆ ಬಂತು: ಕಾರ್ಡ್ 30 ಸಾವಿರ, ಮಾನಿಟರ್ 10, ಪ್ರೊಸೆಸರ್ 9.5, ಬೋರ್ಡ್ 8, ಎಸ್‌ಎಸ್‌ಡಿ 5, ಯುಪಿಎಸ್ 5, ಪವರ್ ಸಪ್ಲೈ 4.5, ರ‍್ಯಾಮ್ 4, ಡಬ್ಬಿ 4. ನೂರಿನ್ನೂರು ಅತ್ತಿತ್ತ ಬಿಟ್ಟರೆ ಸರಿಯಾಗಿ 80. ಕಾಕಾ ಚೀಟಿಯನ್ನು ಎರಡು ಸಲ ಕೂಡಿಸಿ ನೋಡಿದರು.

ಪ್ರೊಸೆಸರ್ ಜೊತೆ ಬಂದ ಕೂಲರ್ ಚಳಿಗಾಲ, ಮಳೆಗಾಲಕ್ಕೆ ಸಾಕು. ಈಗ ಬೇಸಿಗೆ ಹತ್ತಿರ ಬರುತ್ತಿದೆ. ಮಾರ್ಚ್ ಒಳಗೆ 2 ಸಾವಿರದ ಆಸುಪಾಸಿನ ಒಂದು ಟವರ್ ಕೂಲರ್ ಹಾಕುವುದು ಬಾಕಿ ಇದೆ. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್‌ಗಳು ಸಾಮಾನ್ಯವಾಗಿ 150-160 ಮಿಲಿಮೀಟರ್ ಎತ್ತರ ಇರುತ್ತವೆ. ಗಾಜು ಮುಚ್ಚುತ್ತದಾ ಇಲ್ಲವಾ ಅಂತ ತಮ್ಮ ಡಬ್ಬಿಯ ಅಗಲ ಸ್ಕೇಲಿನಲ್ಲಿ ಅಳೆಯುತ್ತಾ ಕೂತಿದ್ದ. ಡಬ್ಬಿಯ ಮ್ಯಾನ್ಯುವಲ್ಲಿನಲ್ಲೇ ಬರೆದಿರುತ್ತದೆ ನೋಡೋ ಅಂದೆ. 160 ಅಂತ ಇತ್ತು.